ಜಿಮ್‌ಗೆ ಹೋದ ಮಗ ಸೊಂಟ ಹಿಡಿದುಕೊಂಡು ಬಂದಾಗ

ತಾಯಿಯೊಬ್ಬರು ಇಪ್ಪತ್ತೊಂದು ವರ್ಷದ ತಮ್ಮ ಮಗನನ್ನು ಕರೆದುಕೊಂಡು ನನ್ನ ಬಳಿಗೆ ಬಂದಿದ್ದರು. ಎತ್ತರದ ಹುಡುಗ. ಅಗಲವಾದ ಭುಜ, ಗಟ್ಟಿ ತೋಳು. ನೋಡಿದರೆ ಕಾಯಿಲೆಯವನೆಂದು ಯಾರೂ ಹೇಳಲಾರರು. ಆದರೆ ಕುರ್ಚಿಯಲ್ಲಿ ಕುಳಿತುಕೊಳ್ಳುವಾಗ ಎರಡೂ ಕೈಗಳನ್ನು ತೊಡೆಯ ಮೇಲೆ ಊರಿ, ಎಪ್ಪತ್ತು ದಾಟಿದ ಅಜ್ಜನಂತೆ ಮೆಲ್ಲನೆ ಕುಳಿತ.

“ಮೂರು ವಾರದಿಂದ ಹೀಗೇ ಇದ್ದಾನೆ ಡಾಕ್ಟ್ರೇ. ನಮಾಝಿನಲ್ಲಿ ರುಕೂವಿಗೆ ಬಾಗಿದವನು ಏಳುವಾಗ ಗೋಡೆ ಹಿಡಿಯುತ್ತಾನೆ. ಏನಾಯಿತು ಎಂದು ಕೇಳಿದರೆ ಏನಿಲ್ಲ ಉಮ್ಮ ಅನ್ನುತ್ತಾನೆ. ಮೊನ್ನೆ ಒಗೆಯಲು ಪ್ಯಾಂಟ್ ತೆಗೆದಾಗ ಜೇಬಿನಲ್ಲಿ ನೋವಿನ ಮಾತ್ರೆಯ ಎರಡು ಖಾಲಿ ಸ್ಟ್ರಿಪ್ ಸಿಕ್ಕಿತು. ಆಗ ನನಗೆ ಹೆದರಿಕೆಯಾಯಿತು” ಎಂದರು ತಾಯಿ.

ಹುಡುಗನನ್ನು ಕೇಳಿದೆ. ಮೊದಲು ಮುಖ ತಗ್ಗಿಸಿದ. ಆಮೇಲೆ ಒಂದೊಂದೇ ಹೊರಬಂತು. ಜಿಮ್‌ಗೆ ಸೇರಿ ಎಂಟು ತಿಂಗಳಾಗಿತ್ತು. ನೆಲದಲ್ಲಿಟ್ಟ ಬಾರ್ಬೆಲ್ಲನ್ನು ಬಾಗಿ ಹಿಡಿದು ನೆಟ್ಟಗೆ ನಿಲ್ಲುವ ‘ಡೆಡ್‌ಲಿಫ್ಟ್’ ಎಂಬ ವ್ಯಾಯಾಮದಲ್ಲಿ 100 ಕಿಲೋವರೆಗೆ ಎತ್ತುತ್ತಿದ್ದ. ಆ ದಿನ ಗೆಳೆಯನೊಬ್ಬ ಮೊಬೈಲಿನಲ್ಲಿ ವೀಡಿಯೋ ತೆಗೆಯುತ್ತಿದ್ದನಂತೆ. ಒಮ್ಮೆಗೇ 120 ಕಿಲೋ ಹಾಕಿದ. ಬಾರು ಮೊಣಕಾಲಿನವರೆಗೆ ಬಂತು. ಸೊಂಟದಲ್ಲಿ ‘ಟಕ್’ ಎಂದಿತು. ಆದರೂ ಎತ್ತಿ ಮುಗಿಸಿದ. ಎರಡು ದಿನ ಬಿಟ್ಟು ಮಾತ್ರೆ ನುಂಗಿ ಮತ್ತೆ ಜಿಮ್‌ಗೆ ಹೋದ. ಹೀಗೆ ಮೂರು ವಾರ ನಡೆಯಿತು.

“ಜಿಮ್ ಬಿಡಿಸಿಬಿಡಲೇ ಡಾಕ್ಟ್ರೇ?” ಎಂದು ತಾಯಿ ಕೇಳಿದರು. ಮಗ ನನ್ನ ಮುಖವನ್ನೇ ನೋಡುತ್ತಿದ್ದ.

ಪ್ರಿಯ ಓದುಗರೇ, ಇಂದು ಈ ಪ್ರಶ್ನೆ ಅನೇಕ ಮನೆಗಳದ್ದು. ಸಣ್ಣ ಪಟ್ಟಣಗಳಲ್ಲೂ ಜಿಮ್‌ಗಳಿವೆ. ಕಾಲೇಜಿಗೆ ಹೋಗುವ ಮಗ, ಗಲ್ಫ್‌ನಲ್ಲಿ ದುಡಿಯುವ ತಮ್ಮ, ಮದುವೆಗೆ ಮೊದಲು ಮೈ ಹುರಿಗೊಳಿಸಬೇಕೆನ್ನುವ ಅಣ್ಣ ಎಲ್ಲರೂ ಭಾರ ಎತ್ತುತ್ತಾರೆ. ಅವರಿಗೆ ಸೊಂಟ ಹಿಡಿದಾಗ ಬಿಸಿನೀರಿನ ಚೀಲ ಹಿಡಿದುಕೊಂಡು ನಿಲ್ಲುವವರು ನೀವು. ಆದ್ದರಿಂದ ಒಳಗೆ ಏನಾಗುತ್ತದೆ, ಏನು ಮಾಡಬೇಕು, ಯಾವಾಗ ಹೆದರಬೇಕು, ಯಾವಾಗ ಹೆದರಬೇಕಿಲ್ಲ ಎಂಬುದು ನಿಮಗೆ ತಿಳಿದಿರಬೇಕು.

ಸೊಂಟದೊಳಗೆ ಏನಿದೆ?

ನಮ್ಮ ಬೆನ್ನೆಲುಬು ಒಂದರ ಮೇಲೊಂದು ಜೋಡಿಸಿದ ಮಣಿಗಳ ಸಾಲು. ಸೊಂಟದ ಭಾಗದಲ್ಲಿ ಐದು ದೊಡ್ಡ ಮಣಿಗಳಿವೆ. ದೇಹದ ಮೇಲ್ಭಾಗದ ಭಾರವೆಲ್ಲ ಅವುಗಳ ಮೇಲೆ ಬೀಳುತ್ತದೆ. ಎರಡು ಮಣಿಗಳ ನಡುವೆ ಒಂದು ಮೆತ್ತೆ ಇದೆ. ಇದನ್ನೇ ಡಿಸ್ಕ್ ಎನ್ನುತ್ತಾರೆ. ಅದರ ಹೊರಗೆ ಗಟ್ಟಿ ನಾರಿನ ಸುತ್ತುಗಳು, ಒಳಗೆ ಲೋಳೆಯಂತಹ ತಿರುಳು. ಇವೆಲ್ಲವನ್ನೂ ಹಿಂದಿನಿಂದ ಹಗ್ಗದಂತೆ ಎಳೆದು ನಿಲ್ಲಿಸುವುದು ಬೆನ್ನಿನ ಸ್ನಾಯುಗಳು. ಮುಂದಿನಿಂದ ಆಸರೆ ಕೊಡುವುದು ಹೊಟ್ಟೆಯ ಸ್ನಾಯುಗಳು.

ಭಾರ ಎತ್ತಿದಾಗ ಬರುವ ನೋವು ಹೆಚ್ಚಾಗಿ ಸ್ನಾಯು ಮತ್ತು ಅದರ ಸುತ್ತಲಿನ ಕಟ್ಟುಗಳು ಉಳುಕಿದ್ದರಿಂದ ಬರುವಂಥದ್ದು. ಇದು ಸೊಂಟದ ಸುತ್ತಲೇ ಇರುತ್ತದೆ. ಬಾಗಿದರೆ ಹೆಚ್ಚು, ಮಲಗಿದರೆ ಕಡಿಮೆ. ಡಿಸ್ಕಿನ ತಿರುಳು ಹೊರಕ್ಕೆ ಒತ್ತಿ ನರವನ್ನು ಮುಟ್ಟಿದರೆ ನೋವು ಸೊಂಟದಲ್ಲಿ ನಿಲ್ಲುವುದಿಲ್ಲ. ಪೃಷ್ಠದಿಂದ ತೊಡೆಯ ಹಿಂಭಾಗಕ್ಕೆ, ಮೊಣಕಾಲಿನ ಕೆಳಗೆ, ಪಾದದವರೆಗೂ ಕರೆಂಟು ಹೊಡೆದಂತೆ ಇಳಿಯುತ್ತದೆ. ಕೆಮ್ಮಿದರೆ, ಸೀನಿದರೆ ಹೆಚ್ಚಾಗುತ್ತದೆ. ಹದಿಹರೆಯದ ಹುಡುಗರಲ್ಲಿ ಮತ್ತೊಂದು ತೊಂದರೆಯಿದೆ. ಮಣಿಯ ಹಿಂಭಾಗದ ತೆಳು ಮೂಳೆಯಲ್ಲಿ ಕೂದಲಿನೆಳೆಯಷ್ಟು ಬಿರುಕು ಬೀಳುತ್ತದೆ. ವೇಗದ ಬೌಲರುಗಳಲ್ಲೂ ಭಾರ ಎತ್ತುವವರಲ್ಲೂ ಕಾಣುವ ತೊಂದರೆ ಇದು. ಮುಂದೆ ಬಾಗಿದಾಗಲ್ಲ, ಹಿಂದಕ್ಕೆ ಬಾಗಿದಾಗ ನೋಯುವುದು ಇದರ ಗುರುತು. ಇದನ್ನು ಉಳುಕೆಂದು ಭಾವಿಸಿ ತಿಂಗಳುಗಟ್ಟಲೆ ಓಡಾಡಬಾರದು.

ತಪ್ಪು ಎಲ್ಲಿ ಆಗುತ್ತದೆ?

ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಬಾವಿಯಿಂದ ಅಡುಗೆಮನೆಯವರೆಗೆ ನಡೆದು ಬರಬಹುದು. ಅದೇ ಕೊಡವನ್ನು ಎರಡೂ ಕೈ ಮುಂದಕ್ಕೆ ಚಾಚಿ ಹಿಡಿದು ನೋಡಿ, ಹತ್ತು ಹೆಜ್ಜೆ ಇಡಲಾಗದು. ಕೊಡದ ತೂಕ ಬದಲಾಗಿಲ್ಲ. ಅದು ಮೈಯಿಂದ ದೂರ ಹೋಗಿದೆ, ಅಷ್ಟೆ. ಬಾರ್ಬೆಲ್ಲಿನ ಲೆಕ್ಕವೂ ಇದೇ. ಬಾರು ಕಾಲಿಗೆ ತಾಗಿಕೊಂಡೇ ಮೇಲೆ ಬರಬೇಕು. ನಾಲ್ಕು ಬೆರಳು ಮುಂದೆ ಹೋದರೂ ಸೊಂಟದ ಸ್ನಾಯುಗಳು ಎಷ್ಟೋ ಪಾಲು ಹೆಚ್ಚು ಎಳೆಯಬೇಕಾಗುತ್ತದೆ.

ಎರಡನೆಯದು, ಎಲ್ಲಿಂದ ಬಾಗುತ್ತೇವೆ ಎಂಬುದು. ಬಾಗಿಲು ತಿರುಗುವುದು ಕೀಲಿನಲ್ಲಿ. ಹಲಗೆಯ ನಡುವೆ ಅಲ್ಲ. ನಮ್ಮ ಕೀಲು ತೊಡೆಯೂ ಸೊಂಟವೂ ಸೇರುವ ಜಾಗ. ಅಲ್ಲಿಂದ ಬಾಗಿದರೆ ಪೃಷ್ಠ ಹಿಂದಕ್ಕೆ ಹೋಗುತ್ತದೆ, ಬೆನ್ನು ಹಲಗೆಯಂತೆ ನೇರವಾಗಿರುತ್ತದೆ. ಭಾರವನ್ನು ದೇಹದ ಅತ್ಯಂತ ಬಲವಾದ ಪೃಷ್ಠ ಮತ್ತು ತೊಡೆಯ ಸ್ನಾಯುಗಳು ಹೊರುತ್ತವೆ. ಭಾರ ಮಿತಿ ಮೀರಿದಾಗ ಬೆನ್ನು ಬಿಲ್ಲಿನಂತೆ ಬಗ್ಗುತ್ತದೆ. ಆಗ ಸೊಂಟದ ಮೆತ್ತೆಗಳ ಮೇಲೆ ಒತ್ತಡ ಬೀಳುತ್ತದೆ.

ಮೂರನೆಯದು ಅನೇಕರಿಗೆ ಗೊತ್ತಿಲ್ಲದ ಸಂಗತಿ. ಸ್ಪರ್ಧೆಗಳಲ್ಲಿ ಬಳಸುವ ದೊಡ್ಡ ತಟ್ಟೆಗಳ ಅಡ್ಡಳತೆ 45 ಸೆಂಟಿಮೀಟರ್. ಆದ್ದರಿಂದ ಬಾರು ನೆಲದಿಂದ 22.5 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ನಮ್ಮೂರ ಎಷ್ಟೋ ಜಿಮ್‌ಗಳಲ್ಲಿ ಇರುವುದು ಚಿಕ್ಕ ಕಬ್ಬಿಣದ ತಟ್ಟೆಗಳು. ಬಾರು ಇನ್ನೂ ಕೆಳಗಿರುತ್ತದೆ. ಹುಡುಗರು ಅಷ್ಟು ಹೆಚ್ಚು ಬಾಗಬೇಕಾಗುತ್ತದೆ. ಎರಡೂ ಬದಿಗೆ ಮರದ ಗಟ್ಟಿ ಹಲಗೆ ಇಟ್ಟು ಬಾರನ್ನು ಎತ್ತರಿಸಿದರೆ ಸಾಕು, ಎಷ್ಟೋ ಸೊಂಟಗಳು ಉಳಿಯುತ್ತವೆ.

ನಾಲ್ಕನೆಯದು ಹೊತ್ತು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಿಗ್ಗೆ ಎದ್ದಾಗ ನಾವು ಸಂಜೆಗಿಂತ ಒಂದೆರಡು ಸೆಂಟಿಮೀಟರ್ ಎತ್ತರವಿರುವುದು ಇದರಿಂದಲೇ. ಉಬ್ಬಿದ ಡಿಸ್ಕ್ ಬಾಗಿದಾಗ ಹೆಚ್ಚು ಒತ್ತಡಕ್ಕೆ ಸಿಲುಕುತ್ತದೆ. ಫಜ್ರ್ ನಮಾಝ್ ಮುಗಿಸಿ ನೇರವಾಗಿ ಜಿಮ್‌ಗೆ ಹೋಗುವ ಹುಡುಗರು ಬಹಳ. ಒಳ್ಳೆಯ ಅಭ್ಯಾಸವೇ. ಆದರೆ ಎದ್ದ ಮೊದಲ ಒಂದು ಗಂಟೆ ನಡಿಗೆ, ಕೈಕಾಲು ಸಡಿಲಿಸುವ ವ್ಯಾಯಾಮ ಇರಲಿ. ಬಾಗಿ ಎತ್ತುವ ದೊಡ್ಡ ಭಾರ ಆಮೇಲೆ.

ಕೊನೆಯದು ಅವಸರ. ಸ್ನಾಯು ಬೇಗ ಬಲಗೊಳ್ಳುತ್ತದೆ. ಮೂಳೆ, ಕಟ್ಟು, ನಾರುಗಳು ನಿಧಾನ. ತೋಳಿನ ದಪ್ಪ ನೋಡಿ ಹುಡುಗ ತಾನು ಸಿದ್ಧ ಎಂದುಕೊಳ್ಳುತ್ತಾನೆ. ಒಳಗಿನ ನಾರುಗಳು ಇನ್ನೂ ಸಿದ್ಧವಾಗಿರುವುದಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದು ಹಣಕ್ಕೆ ಮಾತ್ರವಲ್ಲ.

ಮೊದಲ ಕೆಲವು ದಿನ

ಸೊಂಟ ಹಿಡಿದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಮಾಡುವ ಕೆಲಸ ಮಲಗಿಸುವುದು. “ಹದಿನೈದು ದಿನ ಏಳಬೇಡ” ಎಂಬ ಆಜ್ಞೆಯಾಗುತ್ತದೆ. ಇದು ಹಳೆಯ ಪದ್ಧತಿ. ಒಂದೆರಡು ದಿನ ಆರಾಮ ಸಾಕು. ಆಮೇಲೆ ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ನೋವು ನಿಲ್ಲಲು ತಡವಾಗುತ್ತದೆ. ಮನೆಯೊಳಗೆ ಹತ್ತು ನಿಮಿಷ ನಡೆಯಲಿ. ಮರುದಿನ ಹದಿನೈದು ನಿಮಿಷ. ಬಿಸಿನೀರಿನ ಚೀಲ ಇಡುವುದರಿಂದ ಬಿಗಿದ ಸ್ನಾಯು ಸಡಿಲವಾಗುತ್ತದೆ. ಮಲಗುವಾಗ ಮಗ್ಗುಲಾಗಿ, ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟರೆ ಹಿತವಾಗುತ್ತದೆ.

ಉಳುಕು ತೆಗೆಯುವವರ ಬಳಿ ಕರೆದೊಯ್ದು ಬೆನ್ನು ತುಳಿಸುವುದು, ತಿರುವಿಸುವುದು ಬೇಡ. ಡಿಸ್ಕ್ ನರಕ್ಕೆ ಒತ್ತಿರುವಾಗ ಹಾಗೆ ಮಾಡಿದರೆ ಕೆಲಸ ಕೆಡಬಹುದು.

ಮಾತ್ರೆಯ ವಿಷಯ ಎಚ್ಚರಿಕೆಯಿಂದ ಕೇಳಿ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ಮಾತ್ರೆಗಳು ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಿಗುತ್ತವೆ. ವೈದ್ಯರು ಹೇಳಿದಷ್ಟು ದಿನ, ಊಟದ ಬಳಿಕ ತೆಗೆದುಕೊಂಡರೆ ಉಪಕಾರವಿದೆ. ಹಸಿದ ಹೊಟ್ಟೆಯಲ್ಲಿ ದಿನವೂ ನುಂಗಿದರೆ ಜಠರದಲ್ಲಿ ಹುಣ್ಣು, ರಕ್ತಸ್ರಾವವಾಗಬಹುದು. ಬೆವರು ಸುರಿಸಿ ನೀರು ಕುಡಿಯದವರಿಗೆ ಕಿಡ್ನಿಗೂ ಪೆಟ್ಟು. ರಕ್ತದೊತ್ತಡ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಲೇಬಾರದು. ಎಲ್ಲಕ್ಕಿಂತ ದೊಡ್ಡ ತಪ್ಪು ನಮ್ಮ ಹುಡುಗ ಮಾಡಿದ್ದು. ನೋವು ತಿಳಿಯದಿರಲೆಂದು ಮಾತ್ರೆ ನುಂಗಿ ಅದೇ ಭಾರ ಎತ್ತುವುದು. ನೋವು ಕಾವಲುಗಾರ. ಅವನನ್ನು ಮಲಗಿಸಿ ಬಾಗಿಲು ತೆರೆದಿಡುವುದೇ?

“ರುಕೂ, ಸುಜೂದ್ ಮಾಡಿದರೆ ಹೆಚ್ಚಾಗುತ್ತದೆಯೇ?” ಎಂದು ಆ ತಾಯಿ ಕೇಳಿದರು. ಸಾಮಾನ್ಯ ಉಳುಕಿನಲ್ಲಿ ಮೆಲ್ಲನೆ ಬಾಗಿ ಏಳುವುದರಿಂದ ಕೆಡುಕಿಲ್ಲ. ಕೈಗಳನ್ನು ಮೊಣಕಾಲಿಗೆ ಊರಿ ಬಾಗಲಿ, ಏಳುವಾಗ ಅವಸರ ಬೇಡ. ಸುಜೂದಿನಿಂದ ಏಳುವಾಗ ಕೈ ನೆಲಕ್ಕೆ ಊರಲಿ. ತಡೆಯಲಾರದಷ್ಟು ನೋವಿದ್ದರೆ ಕೆಲವು ದಿನ ಕುರ್ಚಿಯಲ್ಲಿ ಕುಳಿತು ನಿರ್ವಹಿಸಲಿ.

ತಡ ಮಾಡಬಾರದ ಲಕ್ಷಣಗಳು

ಭಾರ ಎತ್ತಿ ಬಂದ ಸೊಂಟನೋವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ, ಬಹುತೇಕ ಆರು ವಾರದೊಳಗೆ ತಾನಾಗಿ ಇಳಿಯುತ್ತದೆ. ಆದರೆ ಕೆಳಗಿನವುಗಳಲ್ಲಿ ಒಂದು ಕಂಡರೂ ಮನೆಮದ್ದು ಮಾಡುತ್ತ ಕೂರಬಾರದು.

* ಮೂತ್ರ ಕಟ್ಟಿಕೊಳ್ಳುವುದು, ಅಥವಾ ಮೂತ್ರ, ಮಲದ ಮೇಲೆ ಹಿಡಿತ ತಪ್ಪುವುದು.
* ಕುಳಿತಾಗ ನೆಲಕ್ಕೆ ತಾಗುವ ಭಾಗದಲ್ಲಿ, ಒಳತೊಡೆಗಳಲ್ಲಿ ಮರಗಟ್ಟುವುದು.
* ಎರಡೂ ಕಾಲುಗಳಲ್ಲಿ ಶಕ್ತಿ ಕುಂದುವುದು, ಅಥವಾ ಪಾದ ಎತ್ತಲಾಗದೆ ಚಪ್ಪಲಿ ಜಾರಿ ಹೋಗುವುದು.
* ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಇಳಿಯದ ರಾತ್ರಿಯ ನೋವು. ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯವೂ ಹೀಗೆಯೇ ಶುರುವಾಗುತ್ತದೆ.
* ಬಿದ್ದು ಪೆಟ್ಟಾದ ನೋವು, ಅಥವಾ ಹಿಂದೆ ಕ್ಯಾನ್ಸರ್ ಆಗಿದ್ದವರ ಸೊಂಟನೋವು.

ಇವುಗಳಲ್ಲಿ ಮೊದಲ ಮೂರು ತುರ್ತು. ಬೆನ್ನೆಲುಬಿನ ಕೊನೆಯ ನರಗಳ ಗೊಂಚಲು ಒತ್ತಿಹೋಗಿರುವ ಸೂಚನೆ ಅದು. ಆಪರೇಷನ್ ಬೇಕಾದರೆ ಒಂದೆರಡು ದಿನದೊಳಗೆ ಆಗಬೇಕು. ತಡವಾದರೆ ಆ ನರಗಳು ಮತ್ತೆ ಚೇತರಿಸಿಕೊಳ್ಳದೆ ಹೋಗಬಹುದು. ಗಂಡುಮಕ್ಕಳು ಇಂತಹ ಲಕ್ಷಣಗಳನ್ನು ತಾಯಿಯ ಬಳಿ ಹೇಳಲು ನಾಚಿಕೊಳ್ಳುತ್ತಾರೆ. ನೀವೇ ಕೇಳಬೇಕು. ಕೇಳಲು ನಿಮಗೂ ಸಂಕೋಚವಾದರೆ ಅವನ ತಂದೆಯಿಂದಲೋ ಅಣ್ಣನಿಂದಲೋ ಕೇಳಿಸಿ. ಕೇಳದೆ ಮಾತ್ರ ಬಿಡಬೇಡಿ.

ಸ್ಕ್ಯಾನ್ ಮಾಡಿಸಬೇಕೇ?

ಮೊದಲ ದಿನವೇ ಎಂ.ಆರ್.ಐ. ಮಾಡಿಸಿ ರಿಪೋರ್ಟ್ ಹಿಡಿದುಕೊಂಡು ಬರುವವರಿದ್ದಾರೆ. ಅದರಲ್ಲಿ ‘ಡಿಸ್ಕ್ ಉಬ್ಬಿದೆ’ ಎಂದಿರುತ್ತದೆ. ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಯಾವ ಬೆನ್ನುನೋವೂ ಇಲ್ಲದ 3,110 ಮಂದಿಯ ಸ್ಕ್ಯಾನ್‌ಗಳ ವಿವರವನ್ನು ಒಟ್ಟುಗೂಡಿಸಿ ನೋಡಿತು. ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 30 ಮಂದಿಯ ಡಿಸ್ಕ್ ಉಬ್ಬಿತ್ತು. ಎಂಬತ್ತರ ವಯಸ್ಸಿನವರಲ್ಲಿ ನೂರಕ್ಕೆ 84! ಇವರಾರಿಗೂ ನೋವಿರಲಿಲ್ಲ. ಅಂದರೆ ಉಬ್ಬಿದ ಡಿಸ್ಕ್ ಎಷ್ಟೋ ಸಲ ನರೆತ ಕೂದಲಿನಂತೆ. ಇರುತ್ತದೆ, ನೋಯುವುದಿಲ್ಲ. ಮೇಲೆ ಹೇಳಿದ ಅಪಾಯದ ಲಕ್ಷಣಗಳಿದ್ದರೆ, ಕಾಲಿಗಿಳಿಯುವ ನೋವು ವಾರಗಟ್ಟಲೆ ಉಳಿದರೆ, ಅಥವಾ ಆಪರೇಷನ್ ಯೋಚಿಸುತ್ತಿದ್ದರೆ ಸ್ಕ್ಯಾನ್ ಬೇಕು. ಉಳಿದವರಿಗೆ ಆ ಹಣದಲ್ಲಿ ಒಳ್ಳೆಯ ಫಿಸಿಯೋಥೆರಪಿ ಸಿಗುತ್ತದೆ.

ಮತ್ತೆ ಭಾರದ ಬಳಿಗೆ

“ಜಿಮ್ ಬಿಡಿಸಬೇಡಿ, ಜಿಮ್ಮಿನ ರೀತಿಯನ್ನು ಬದಲಿಸಿ” ಎಂದು ಆ ತಾಯಿಗೆ ಹೇಳಿದೆ. ಅವರಿಗೆ ಆಶ್ಚರ್ಯವಾಯಿತು. ಮಗನ ಮುಖ ಅರಳಿತು. ಆದರೆ ಮುಂದಿನ ಮಾತು ಕೇಳಿ ಮತ್ತೆ ಬಾಡಿತು. ಆರು ವಾರ ನೆಲದಿಂದ ಭಾರ ಎತ್ತುವಂತಿಲ್ಲ ಎಂದಿದ್ದೆ.

ಭಾರ ಎತ್ತುವುದು ಜನ ತಿಳಿದಷ್ಟು ಅಪಾಯದ ಕ್ರೀಡೆಯಲ್ಲ. 2017ರಲ್ಲಿ ಪ್ರಕಟವಾದ ಅವಲೋಕನವೊಂದರ ಪ್ರಕಾರ ಸ್ಪರ್ಧೆಗೆ ಭಾರ ಎತ್ತುವವರಲ್ಲಿ ಸಾವಿರ ಗಂಟೆಗಳ ಅಭ್ಯಾಸಕ್ಕೆ ಸುಮಾರು ಒಂದರಿಂದ ನಾಲ್ಕು ಗಾಯಗಳಾಗುತ್ತವೆ. ಪೆಟ್ಟು ಹೆಚ್ಚಾಗಿ ಬೀಳುವ ಜಾಗಗಳಲ್ಲಿ ಸೊಂಟವೂ ಒಂದು ಎಂಬುದು ನಿಜ. ಆದರೆ ಅವರಿಗೆ ಕಲಿಸುವವರಿದ್ದಾರೆ, ಭಾರಕ್ಕೆ ಲೆಕ್ಕವಿದೆ. ನಮ್ಮ ಹುಡುಗರಿಗೆ ಇರುವುದು ಕನ್ನಡಿ ಮತ್ತು ಮೊಬೈಲ್.

ಹುಡುಗನಿಗೆ ಬರೆದುಕೊಟ್ಟ ಕ್ರಮ ಹೀಗಿತ್ತು. ಮೊದಲ ಎರಡು ವಾರ ದಿನಕ್ಕೆ ಅರ್ಧ ಗಂಟೆ ನಡಿಗೆ. ಜೊತೆಗೆ ಮೂರು ಸರಳ ವ್ಯಾಯಾಮಗಳು. ಕೆನಡಾದ ಪ್ರಾಧ್ಯಾಪಕ ಸ್ಟುವರ್ಟ್ ಮೆಕ್‌ಗಿಲ್ ಅವರು ಬಳಕೆಗೆ ತಂದ ಇವು ಇಂದು ಜಗತ್ತಿನೆಲ್ಲೆಡೆ ಪರಿಚಿತ. ಒಂದು, ಅಂಗಾತ ಮಲಗಿ ಒಂದು ಮೊಣಕಾಲು ಮಡಚಿ, ಸೊಂಟದ ಕೆಳಗೆ ಅಂಗೈಗಳನ್ನು ಇಟ್ಟು, ತಲೆ ಮತ್ತು ಭುಜವನ್ನು ನೆಲದಿಂದ ಸ್ವಲ್ಪವೇ ಎತ್ತುವುದು. ಎರಡು, ಮಗ್ಗುಲಾಗಿ ಮಲಗಿ ಮೊಣಕೈ ಮತ್ತು ಮೊಣಕಾಲಿನ ಮೇಲೆ ಸೊಂಟವನ್ನು ಎತ್ತಿ ಹಿಡಿಯುವುದು. ಮೂರು, ಮಗು ಅಂಬೆಗಾಲಿಡುವಂತೆ ನಿಂತು, ಬಲಗೈ ಮುಂದಕ್ಕೂ ಎಡಗಾಲು ಹಿಂದಕ್ಕೂ ಚಾಚುವುದು, ಮತ್ತೆ ಬದಲಿಸುವುದು. ಪ್ರತಿಯೊಂದನ್ನೂ ಹತ್ತು ಸೆಕೆಂಡ್ ಹಿಡಿದು ಬಿಡಬೇಕು. ಉಸಿರು ಕಟ್ಟಬಾರದು. ನೋವಾದರೆ ನಿಲ್ಲಿಸಬೇಕು.

ಮೂರನೇ ವಾರದಿಂದ ಕೋಲಿನ ಪಾಠ. ನೀಳವಾದ ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿಯಬೇಕು. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬೆನ್ನೆಲುಬಿನ ಬುಡ ಈ ಮೂರು ಜಾಗಕ್ಕೆ ಕೋಲು ತಾಗಿರಬೇಕು. ಮೊಣಕಾಲು ಸ್ವಲ್ಪ ಸಡಿಲಿಸಿ, ಪೃಷ್ಠವನ್ನು ಹಿಂದಕ್ಕೆ ತಳ್ಳಿ ಬಾಗಬೇಕು. ಕೋಲು ಮೂರರಲ್ಲಿ ಒಂದು ಕಡೆ ಬಿಟ್ಟರೂ ಬೆನ್ನು ಬಗ್ಗಿದೆ ಎಂದರ್ಥ. ಹುಡುಗ ನನ್ನೆದುರು ಮಾಡಿದಾಗ ಮೊದಲ ಸಲವೇ ಕೋಲು ಸೊಂಟ ಬಿಟ್ಟಿತು. ಎಂಟು ತಿಂಗಳು ಭಾರ ಎತ್ತಿದವನಿಗೆ ಬಾಗಲು ಯಾರೂ ಕಲಿಸಿರಲಿಲ್ಲ.

ಆರು ವಾರದ ಮೇಲೆ ನೋವಿಲ್ಲದಿದ್ದರೆ ಖಾಲಿ ಬಾರು, ಅದೂ ಹಲಗೆಯ ಮೇಲೆ ಎತ್ತರಿಸಿಟ್ಟು. ಆಮೇಲೆ ಹಿಂದೆ ಎತ್ತುತ್ತಿದ್ದುದರ ಅರ್ಧ. ವಾರಕ್ಕೆ ಎರಡೂವರೆ ಕಿಲೋ, ಹೆಚ್ಚೆಂದರೆ ಐದು ಕಿಲೋ ಏರಿಸಬಹುದು. ಎತ್ತುವ ಮೊದಲು ಉಸಿರು ಎಳೆದುಕೊಂಡು, ಯಾರೋ ಹೊಟ್ಟೆಗೆ ಗುದ್ದಲು ಬಂದಂತೆ ಹೊಟ್ಟೆಯನ್ನು ಗಟ್ಟಿ ಮಾಡಬೇಕು. ತೀರ್ಪು ಕೊಡುವುದು ಮರುದಿನ ಬೆಳಿಗ್ಗೆ. ಎದ್ದಾಗ ಸೊಂಟ ನಿನ್ನೆಯಂತೆಯೇ ಇದ್ದರೆ ಭಾರ ಸರಿ. ನೋವು ಹೆಚ್ಚಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯಬೇಕು. ರಮಝಾನಿನಲ್ಲಿ ಇಫ್ತಾರಿಗೆ ಮೊದಲು ದೊಡ್ಡ ಭಾರ ಬೇಡ. ನೀರು, ಆಹಾರ ಸೇರಿದ ಮೇಲೆ, ಭಾರ ತಗ್ಗಿಸಿ ಮಾಡಲಿ.

ಚರ್ಮದ ಬೆಲ್ಟ್ ಕಟ್ಟಿಕೊಂಡರೆ ಸಾಲದೇ ಎಂದು ಕೇಳುತ್ತಾರೆ. ಹೊಟ್ಟೆಯ ಸ್ನಾಯುಗಳು ಒತ್ತಿ ನಿಲ್ಲಲು ಬೆಲ್ಟ್ ಒಂದು ಗೋಡೆಯಾಗುತ್ತದೆ, ಅಷ್ಟೆ. ತಪ್ಪಾಗಿ ಬಾಗುವುದನ್ನು ಅದು ತಿದ್ದುವುದಿಲ್ಲ. ಇನ್ನು ದಿನವಿಡೀ ಕಟ್ಟಿಕೊಳ್ಳುವ ಸೊಂಟಪಟ್ಟಿ. ಬಹುಕಾಲದ ಸೊಂಟನೋವಿಗೆ ಅದನ್ನು ಮಾಮೂಲಾಗಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗದರ್ಶಿಯಲ್ಲಿ ಹೇಳಿದೆ. ಅದು ಸಲಹೆ ಮಾಡುವ ಚಿಕಿತ್ಸೆಗಳಲ್ಲಿ ತಿಳಿವಳಿಕೆ ಮತ್ತು ವ್ಯಾಯಾಮಗಳಿಗೆ ಮುಖ್ಯ ಸ್ಥಾನವಿದೆ.

ಕಾದು ಗೆದ್ದವಳು

ಆರು ವಾರ ಎಂದಾಗ ಬಾಡಿದ ಹುಡುಗನಿಗೆ ಮಣಿಪುರದ ಮೀರಾಬಾಯಿ ಚಾನು ಅವರ ಕಥೆ ಹೇಳಿದೆ. ಚಿಕ್ಕಂದಿನಲ್ಲಿ ಅಣ್ಣನಿಂದ ಎತ್ತಲಾಗದ ಸೌದೆಯ ಹೊರೆಯನ್ನು ಹೊತ್ತು ತರುತ್ತಿದ್ದ ಹಳ್ಳಿಯ ಹುಡುಗಿ ಆಕೆ. 2017ರಲ್ಲಿ ವಿಶ್ವ ಚಾಂಪಿಯನ್ ಆದರು. 2018ರ ಏಪ್ರಿಲಿನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಅದರ ಬೆನ್ನಿಗೇ ಸೊಂಟನೋವು ಕಾಡಿತು. ಆ ವರ್ಷದ ಏಷ್ಯನ್ ಕ್ರೀಡಾಕೂಟಕ್ಕೂ, ಬಳಿಕದ ವಿಶ್ವ ಚಾಂಪಿಯನ್‌ಶಿಪ್‌ಗೂ ಅವರು ಹೋಗಲಿಲ್ಲ. ಪದಕ ಕೈತಪ್ಪುತ್ತದೆಂದು ನೋವು ನುಂಗಿ ಎತ್ತಲಿಲ್ಲ, ಕಾದರು. 2019ರಲ್ಲಿ ಮರಳಿದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 49 ಕಿಲೋ ವಿಭಾಗದಲ್ಲಿ ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಗೆದ್ದರು. ದೇಶಕ್ಕಾಗಿ ಎತ್ತುವವಳು ಕಾಯಬಲ್ಲಳಾದರೆ, ಮೊಬೈಲಿಗಾಗಿ ಎತ್ತುವವನು ಆರು ವಾರ ಕಾಯಲಾರನೇ?

ಮತ್ತು ನೀವು?

ಎಲ್ಲ ಮುಗಿದು ಮಗ ಹೊರಗೆ ಹೋದ. ತಾಯಿ ಬಾಗಿಲವರೆಗೆ ಹೋಗಿ ತಿರುಗಿ ಬಂದರು. ದನಿ ತಗ್ಗಿಸಿ, “ಡಾಕ್ಟ್ರೇ, ನನಗೂ ಸೊಂಟನೋವಿದೆ. ಎಂಟು ವರ್ಷವಾಯಿತು. ಕಿರಿಯವಳು ಹುಟ್ಟಿದ ಮೇಲೆ ಶುರುವಾದದ್ದು” ಎಂದರು. “ಇದುವರೆಗೆ ಯಾರಿಗೂ ತೋರಿಸಲಿಲ್ಲವೇ?” ಎಂದೆ. “ಹೆಂಗಸರಿಗೆ ಇದ್ದದ್ದೇ ಅಲ್ಲವೇ” ಎಂದು ನಕ್ಕರು.

ಸಹೋದರಿಯರೇ, ಈ ಮಾತು ನನ್ನನ್ನು ಬಹಳ ಕಾಡಿತು. ಮಗನ ಮೂರು ವಾರದ ನೋವನ್ನು ಅವನು ಹೇಳದೆಯೇ ರುಕೂವಿನಲ್ಲಿ ಕಂಡುಹಿಡಿದ ತಾಯಿ ಅವರು. ತನ್ನ ಎಂಟು ವರ್ಷದ ನೋವನ್ನು ಮನೆಯಲ್ಲಿ ಒಬ್ಬರೂ ಕಂಡಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಸೊಂಟನೋವಿತ್ತು. ಅವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು.

ನೀವು ಜಿಮ್‌ಗೆ ಹೋಗುವುದಿಲ್ಲ, ಆದರೆ ಭಾರ ಎತ್ತುವುದಿಲ್ಲವೇ? ಒಲಿಂಪಿಕ್ಸ್‌ನಲ್ಲಿ ಹೆಂಗಸರು ಬಳಸುವ ಖಾಲಿ ಬಾರಿನ ತೂಕ 15 ಕಿಲೋ. ನಿಮ್ಮ ಅಡುಗೆಮನೆಯ ತುಂಬಿದ ಗ್ಯಾಸ್ ಸಿಲಿಂಡರ್, ಒಳಗಿನ 14.2 ಕಿಲೋ ಅನಿಲವೂ ಸೇರಿ, ಸುಮಾರು 30 ಕಿಲೋ. ಅಂದರೆ ಎರಡು ಬಾರು! ಅಕ್ಕಿಯ ಮೂಟೆ 25 ಕಿಲೋ. ಒದ್ದೆ ಬಟ್ಟೆಯ ಬಕೆಟ್, ಸೊಂಟಕ್ಕೇರಿದ ಮಗು, ಹಾಸಿಗೆ ಹಿಡಿದ ಅತ್ತೆಯನ್ನು ಎತ್ತಿ ಕೂರಿಸುವುದು ಇವೆಲ್ಲ ಭಾರವೇ. ಹುಡುಗನಿಗೆ ಹೇಳಿದ ಪಾಠವೆಲ್ಲ ನಿಮಗೂ ಅನ್ವಯಿಸುತ್ತದೆ. ಎತ್ತುವ ವಸ್ತು ಮೈಗೆ ಹತ್ತಿರವಿರಲಿ. ಸೊಂಟ ಬಗ್ಗಿಸದೆ ಕೀಲಿನಿಂದ ಬಾಗಿ. ಎತ್ತಿಕೊಂಡು ತಿರುಚಬೇಡಿ, ಪಾದ ಸರಿಸಿ ಇಡೀ ಮೈಯನ್ನು ತಿರುಗಿಸಿ. ಒಂದು ತುಂಬಿದ ಬಕೆಟಿನ ಬದಲು ಎರಡೂ ಕೈಗೆ ಅರ್ಧರ್ಧ ಬಕೆಟ್. ಸಿಲಿಂಡರನ್ನು ಎತ್ತುವ ಕೆಲಸ ಜಿಮ್ಮಿನ ಮಗನಿಗೆ ಇರಲಿ. ಹೆರಿಗೆಯಾದವರು, ಅದರಲ್ಲೂ ಆಪರೇಷನ್ ಆದವರು ವೈದ್ಯರು ಹೇಳುವವರೆಗೆ ಮಗುವಿಗಿಂತ ಹೆಚ್ಚಿನ ಭಾರ ಎತ್ತಬೇಡಿ.

ಇನ್ನೊಂದು ಮಾತು. ಭಾರ ಎತ್ತಿ ಅಭ್ಯಾಸ ಮಾಡುವುದು ಹೆಂಗಸರಿಗೆ ಕೆಡುಕೆಂದು ಭಾವಿಸಬೇಡಿ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಸಂಶೋಧಕರು ಮೂಳೆ ಸವೆದ, 58 ದಾಟಿದ 101 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂಟು ತಿಂಗಳು, ವಾರಕ್ಕೆ ಎರಡು ದಿನ, ಅರ್ಧ ಗಂಟೆ ಬಾರ್ಬೆಲ್ ಎತ್ತಿಸಿದರು. ಅದೇ ಡೆಡ್‌ಲಿಫ್ಟ್ ಕೂಡ ಅದರಲ್ಲಿತ್ತು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರ ಸೊಂಟದ ಮೂಳೆಯ ಸಾಂದ್ರತೆ ಶೇಕಡಾ 3ರಷ್ಟು ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಗುಂಪಿನದು ಶೇಕಡಾ 1ರಷ್ಟು ಇಳಿಯಿತು. ಭಾರ ಎತ್ತಿದವರಲ್ಲಿ ಆದ ತೊಂದರೆ ಎಂದರೆ ಒಬ್ಬಾಕೆಗೆ ಸೊಂಟ ಸ್ವಲ್ಪ ಹಿಡಿದುಕೊಂಡದ್ದು ಮಾತ್ರ. ಕಲಿಸುವವರು ಪಕ್ಕದಲ್ಲೇ ಇದ್ದರು, ಹಗುರದಿಂದ ಆರಂಭಿಸಿದ್ದರು ಎಂಬುದು ಇದರ ಗುಟ್ಟು. ಉಡುಪಿನ ಕಾರಣಕ್ಕೆ ಹಿಂಜರಿಯುವವರಿಗೆ ಒಂದು ಸಂಗತಿ: ಅಮೆರಿಕದ ಕುಲ್ಸೂಮ್ ಅಬ್ದುಲ್ಲಾ ಎಂಬ ಸಹೋದರಿ ಮೈತುಂಬ ಬಟ್ಟೆ, ತಲೆವಸ್ತ್ರ ಧರಿಸಿ ಸ್ಪರ್ಧಿಸಲು ಅವಕಾಶ ಕೇಳಿದ್ದರಿಂದ 2011ರಲ್ಲಿ ಅಂತಾರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಸಂಸ್ಥೆ ತನ್ನ ಉಡುಪಿನ ನಿಯಮವನ್ನೇ ಬದಲಿಸಿತು.

ನೀವು ಸ್ಪರ್ಧೆಗೆ ಹೋಗಬೇಕಿಲ್ಲ. ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಮೇಲೆ ಹೇಳಿದ ಮೂರು ವ್ಯಾಯಾಮಗಳನ್ನು ಹತ್ತು ನಿಮಿಷ ಮಾಡಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕುಳಿತುಕೊಳ್ಳಿ. ಅಭ್ಯಾಸವಾದ ಮೇಲೆ ಎರಡು ಕಿಲೋ ಅಕ್ಕಿಯ ಚೀಲವನ್ನು ಕೀಲಿನಿಂದ ಬಾಗಿ ಎತ್ತಿ. ಬೆಳಗಿನ ಬಿಸಿಲಿಗೆ ಅಂಗಳದಲ್ಲೋ ಮಹಡಿಯಲ್ಲೋ ಸ್ವಲ್ಪ ಹೊತ್ತು ನಿಲ್ಲಿ. ಮೈಕೈ ನೋವು, ಸೊಂಟನೋವು ಬಿಡದಿದ್ದರೆ ವಿಟಮಿನ್ ಡಿ ಕೊರತೆಯಿದೆಯೇ ಎಂದು ವೈದ್ಯರಲ್ಲಿ ಕೇಳಿ. ಮುಖ್ಯವಾಗಿ, ನೋವನ್ನು ಹೇಳಿಕೊಳ್ಳಿ.

ಏಳು ವಾರಗಳ ಬಳಿಕ ತಾಯಿ, ಮಗ ಮತ್ತೆ ಬಂದರು. ಹುಡುಗ ಖಾಲಿ ಬಾರಿನಿಂದ ಶುರುಮಾಡಿದ್ದ. ಗೆಳೆಯರು ನಗುತ್ತಾರೆ ಎಂದ, ಆದರೆ ಬಿಟ್ಟಿರಲಿಲ್ಲ. ತಾಯಿಯ ನೋವು ಪೂರ್ತಿ ಹೋಗಿರಲಿಲ್ಲ. ಎಂಟು ವರ್ಷದ್ದು ಏಳು ವಾರದಲ್ಲಿ ಹೋಗುವಂಥದ್ದೂ ಅಲ್ಲ. ಆದರೆ ರಾತ್ರಿ ನಿದ್ದೆ ಬರುತ್ತಿದೆ ಎಂದರು. “ದಿನಾ ಸಂಜೆ ಇವನೇ ನನ್ನ ಬೆನ್ನಿಗೆ ಪೊರಕೆಯ ಕೋಲು ಹಿಡಿದು ಬಾಗು ಉಮ್ಮ, ಇನ್ನೂ ಹಿಂದಕ್ಕೆ ತಳ್ಳು ಅನ್ನುತ್ತಾನೆ. ಚಿಕ್ಕವಳು ನೋಡಿ ನಗುತ್ತಾಳೆ” ಎಂದು ಅವರೂ ನಕ್ಕರು.

ಇಂದು ಸಂಜೆ ನಿಮ್ಮ ಮನೆಯಲ್ಲೂ ಒಂದು ಕೋಲು ಹುಡುಕಿ. ಮಗನ ಬೆನ್ನಿಗೆ ಹಿಡಿದು ನೋಡಿ. ಆಮೇಲೆ ಅದನ್ನು ಅವನ ಕೈಗೆ ಕೊಟ್ಟು ನಿಮ್ಮ ಬೆನ್ನು ತೋರಿಸಿ.